ಪಿಕಪ್ಪು ಗಾಡಿಗಳ ಬ್ರೇಕುಗಳು ಅಕಾಲದಲ್ಲಿ ಸವೆಯುವುದಕ್ಕೆ ಕಾರಣಗಳು

ಹೊಲದ ಫಸಲನ್ನು ಪೇಟೆಗೆ ಸಾಗಿಸುವ ಕೆಲಸದಲ್ಲಿ ಎತ್ತಿನ ಗಾಡಿಯ ಸ್ಥಾನವನ್ನು ಈಗ ಬಹುಮಟ್ಟಿಗೆ ಪಿಕಪ್ಪು ಗಾಡಿಯು ಪಡೆದಿರುವುದು ಎಲ್ಲರಿಗೂ ತಿಳಿದ ಸಂಗತಿಯೇ. ಕೋಲಾರದ ಟೊಮ್ಯಾಟೊ ಮಾರುಕಟ್ಟೆಯ ಮುಂದಾಗಲಿ, ಮಲೆನಾಡಿನ ಅಡಿಕೆ ಮಂಡಿಗಳ ಮುಂದಾಗಲಿ ನಿಂತು ನೋಡಿದವರಿಗೆ ಇದನ್ನು ಹೇಳಬೇಕಾದುದಿಲ್ಲ. ಇಂಥ ಗಾಡಿಯನ್ನಿಟ್ಟಿರುವ ಜಮೀನುದಾರರಿಂದ ಮೇಲಿಂದ ಮೇಲೆ ಕೇಳಿಬರುವ ದೂರೊಂದುಂಟು: ಮುಂದಿನ ಚಕ್ರಗಳ ಬ್ರೇಕು ಪ್ಯಾಡುಗಳು ಹಾಕಿಸಿದ ಕೆಲವೇ ತಿಂಗಳುಗಳಲ್ಲಿ ಸವೆದುಹೋಗುವುವು, ಅವುಗಳೊಡನೆ ಡಿಸ್ಕುಗಳೂ ಗೀರುಬಿದ್ದು ಕೆಡುವುವು. ದೋಷವನ್ನು ಪ್ಯಾಡು ಮಾರಿದ ಅಂಗಡಿಯವನ ಮೇಲೆ ಹೊರಿಸುವುದು ವಾಡಿಕೆ. ನಕಲಿ ಸಾಮಾನು ಪೇಟೆಯಲ್ಲಿ ಇಲ್ಲವೆಂದಲ್ಲ. ಆದರೆ ಅನೇಕ ಗಾಡಿಗಳಲ್ಲಿ ಕಾರಣವು ಮುಂದಿನ ಚಕ್ರದಲ್ಲಿರದೆ ಹಿಂದಿನ ಅಚ್ಚಿನ ಮೇಲೆ, ಅದೂ ಯಜಮಾನರೇ ಹಣ ಕೊಟ್ಟು ಮಾಡಿಸಿದ ಒಂದು ಮಾರ್ಪಾಟಿನಲ್ಲಿ ಇರುವುದು.

ನಮ್ಮ ಕಡೆ ಬಳಕೆಯಲ್ಲಿರುವ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಡಿಸ್ಕು, ಹಿಂದಿನ ಚಕ್ರಗಳಿಗೆ ಡ್ರಮ್ಮು ಇರುವುವು. ಡಿಸ್ಕೆಂಬುದು ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ಬಿಲ್ಲೆ; ಅದನ್ನು ಎರಡು ಪಕ್ಕಗಳಿಂದ ಪ್ಯಾಡುಗಳು ಇಕ್ಕಳದಂತೆ ಹಿಡಿಯುವುವು. ಗಾಡಿ ಖಾಲಿಯಿರುವಾಗ ಹಿಂಭಾಗದಲ್ಲಿ ಭಾರವಿರುವುದಿಲ್ಲವಾದ ಕಾರಣ, ಹಿಂದಿನ ಬ್ರೇಕು ಬಲವಾಗಿ ಹಿಡಿದರೆ ಚಕ್ರವು ಬಿಗಿದುಕೊಂಡು ಗಾಡಿಯು ಅಡ್ಡಲಾಗಿ ಜಾರುವುದು. ಹೇರು ತುಂಬಿದಾಗಲಾದರೋ ಹಿಂದಿನ ಚಕ್ರಗಳು ಹೆಚ್ಚು ಕೆಲಸ ಮಾಡಲೇಬೇಕು. ಈ ಎರಡು ಸ್ಥಿತಿಗಳಿಗೂ ಹೊಂದುವಂತೆ ಹಿಂದಿನ ಅಚ್ಚಿನ ಮೇಲ್ಗಡೆ, ಚಾಸಿಗೆ ಸೇರಿಸಿ, ಒಂದು ಕವಾಟವನ್ನು ಅನೇಕ ಗಾಡಿಗಳಲ್ಲಿ ಇಟ್ಟಿರುತ್ತಾರೆ. ಅದರಿಂದ ಹೊರಟ ಒಂದು ಸಣ್ಣ ಕಡ್ಡಿಯು ಅಚ್ಚಿಗೆ ಜೋಡಿಸಲ್ಪಟ್ಟಿರುವುದು. ಭಾರ ಬಿದ್ದು ಕಮಾನುಗಳು ತಗ್ಗಿದಷ್ಟೂ ಕಡ್ಡಿಯು ಮೇಲಕ್ಕೆ ಸರಿದು ಕವಾಟವನ್ನು ತೆರೆಯುವುದು. ಆಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಹೋಗುವುದು. ಎಂದರೆ, ಈ ಕವಾಟವು ಭಾರವನ್ನು ತೂಗಿ ನೋಡುವುದಿಲ್ಲ. ಕಮಾನು ಎಷ್ಟು ತಗ್ಗಿತೆಂಬುದನ್ನು ಮಾತ್ರ ನೋಡುವುದು.

ಈಗ ಮಾರ್ಪಾಟಿನ ವಿಷಯ. ಹೆಚ್ಚು ಹೇರು ಹಾಕಬೇಕೆಂಬ ಆಸೆಯಿಂದ ಹಿಂದಿನ ಕಮಾನಿಗೆ ಒಂದೆರಡು ಪಟ್ಟಿಗಳನ್ನು ಅಧಿಕವಾಗಿ ಸೇರಿಸುವ ಪದ್ಧತಿಯು ಹಳ್ಳಿ ಪೇಟೆಗಳಲ್ಲೆಲ್ಲ ಹಬ್ಬಿರುವುದು. ಹಾಗೆ ಮಾಡಿಸಿದ ಮೇಲೆ ಗಾಡಿಯು ತುಂಬಿದ ಹೇರಿನಲ್ಲಿಯೂ ತಲೆಯೆತ್ತಿ ನಿಲ್ಲುವುದು. ಯಜಮಾನರಿಗೆ ಸಂತೋಷವೂ ಆಗುವುದು. ಆದರೆ ಕಮಾನು ತಗ್ಗದಿರುವುದರಿಂದ ಕವಾಟದ ಲೆಕ್ಕದಲ್ಲಿ ಗಾಡಿ ಇನ್ನೂ ಅರ್ಧ ಖಾಲಿಯೇ! ಹಿಂದಿನ ಬ್ರೇಕಿಗೆ ಹೋಗತಕ್ಕ ಒತ್ತಡವು ಹೋಗದೆ, ಹೆಚ್ಚಿದ ಭಾರವನ್ನೆಲ್ಲ ನಿಲ್ಲಿಸುವ ಹೊಣೆಯು ಮುಂದಿನ ಎರಡು ಡಿಸ್ಕುಗಳ ಮೇಲೆ ಬೀಳುವುದು. ಭಾರವನ್ನು ಹೆಚ್ಚಿಸಿದ ಕೈಯೇ ಬ್ರೇಕನ್ನು ಕಡಿಮೆ ಮಾಡಿದಂತಾಯಿತು. ಕೆಲವು ಕಡೆ ಈ ಕಡ್ಡಿಯು ಮುರಿದು ಬಿದ್ದಿದ್ದರೂ ಯಾರೂ ಗಮನಿಸುವುದಿಲ್ಲ. ಇನ್ನು ಕೆಲವರು ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುವರು. ಹೇರಿನಲ್ಲಿ ಬ್ರೇಕು ಚೆನ್ನಾಗಿ ಹಿಡಿಯುವುದೇನೋ ನಿಜ, ಆದರೆ ಖಾಲಿ ಬರುವಾಗ ಮಳೆಯ ರಸ್ತೆಯಲ್ಲಿ ಗಾಡಿಯು ಬುಗುರಿಯಂತೆ ತಿರುಗುವುದಕ್ಕೆ ಅದೊಂದೇ ಸಾಕು. ಅಧಿಕ ಪಟ್ಟಿಗಳನ್ನು ತೆಗೆಸಿ, ಕವಾಟವನ್ನು ತಯಾರಕರ ಅಳತೆಯಂತೆ ಸರಿಪಡಿಸುವುದೇ ಯುಕ್ತವಾದ ಮಾರ್ಗ. ಕೆಲವು ಹೊಸ ಗಾಡಿಗಳಲ್ಲಿ ಕವಾಟಕ್ಕೆ ಬದಲಾಗಿ ವಿದ್ಯುನ್ಮಾನ ಸಾಧನವಿದ್ದು, ಅವುಗಳಲ್ಲಿ ಹಿಂದಿನ ಬ್ರೇಕುಗಳೇ ಮೊದಲು ಸವೆಯುವುದೂ ಉಂಟು; ಅದು ದೋಷವಾಗಿಯೇ ಇರಬೇಕೆಂದಿಲ್ಲ.

ಬ್ರೇಕಿನ ಕೆಲಸವೆಂದರೆ ವೇಗವನ್ನು ಶಾಖವಾಗಿ ಬದಲಿಸುವುದು. 3000 ಕಿಲೋಗ್ರಾಂ ತೂಕದ ಗಾಡಿಯು ಗಂಟೆಗೆ 60 ಕಿಲೋಮೀಟರು ವೇಗದಲ್ಲಿದ್ದಾಗ ಅದರಲ್ಲಿರುವ ಶಕ್ತಿ ಸುಮಾರು 4 ಲಕ್ಷದ 17 ಸಾವಿರ ಜೂಲು. 80 ಕಿಲೋಮೀಟರಿನಲ್ಲಿ 7 ಲಕ್ಷದ 40 ಸಾವಿರ. ವೇಗವು ಮೂರರಲ್ಲಿ ಒಂದು ಪಾಲು ಹೆಚ್ಚಿದರೆ ಶಾಖವು ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಏರುವುದೆಂಬುದು ಇದರಿಂದ ಕಾಣುವುದು. ಘಟ್ಟದ ಲೆಕ್ಕವು ಇನ್ನೂ ಕಠಿಣ. ಅದೇ ಗಾಡಿಯು 100 ಮೀಟರು ಎತ್ತರವನ್ನು ಇಳಿಯುವಾಗ ಬಿಡುಗಡೆಯಾಗುವ ಶಕ್ತಿ 29 ಲಕ್ಷ ಜೂಲಿಗೂ ಮಿಕ್ಕುವುದು; ಅಂದರೆ 60 ಕಿಲೋಮೀಟರು ವೇಗದಿಂದ ಏಳು ಸಲ ನಿಲ್ಲಿಸಿದಷ್ಟು. ಒಂಬತ್ತು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಅಷ್ಟು ಶಾಖವು ಸಾಲುವುದು. ಆಗುಂಬೆ, ಚಾರ್ಮಾಡಿ, ಶಿರಾಡಿಗಳಲ್ಲಿ ಇಳಿಯತಕ್ಕ ಎತ್ತರವು 100 ಮೀಟರಿನಲ್ಲಿ ಮುಗಿಯತಕ್ಕದ್ದಲ್ಲ.

ಹೇರು ತುಂಬಿದ ಎತ್ತಿನ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸುವವನು ಎತ್ತುಗಳು ಹಿಂದಕ್ಕೆ ಒತ್ತಿ ಭಾರವನ್ನು ತಡೆಯುವಂತೆ ಹಗ್ಗವನ್ನು ಬಿಗಿಹಿಡಿಯುವನು. ಮೋಟಾರಿನಲ್ಲಿ ಆ ಎತ್ತುಗಳ ಕೆಲಸವನ್ನು ಕೆಳಗಿನ ಗೇರಿನಲ್ಲಿರುವ ಎಂಜಿನ್ನೇ ಮಾಡುವುದು. ಯಾವ ಗೇರಿನಲ್ಲಿ ಘಟ್ಟವನ್ನು ಹತ್ತಬೇಕಾಗುವುದೋ ಹೆಚ್ಚುಕಡಮೆ ಅದರಲ್ಲಿಯೇ ಇಳಿಯತಕ್ಕದ್ದೆಂಬುದು ಹಳೆಯ ಡ್ರೈವರುಗಳ ನಿಯಮ. ಡೀಸೆಲ್ ಉಳಿಯುವುದೆಂದು ನ್ಯೂಟ್ರಲ್ಲಿನಲ್ಲಿ ಬಿಡುವುದು ಇಳಿಜಾರಿನಲ್ಲಿ ಎತ್ತುಗಳನ್ನು ಬಿಚ್ಚಿದಂತೆಯೇ ಸರಿ. ಎಂಜಿನ್ನನ್ನೇ ನಿಲ್ಲಿಸಿಕೊಂಡರಂತೂ ಬ್ರೇಕಿಗೆ ನೆರವಾಗುವ ನಿರ್ವಾತ ಸಾಧನದ ಬಲವು ಒಂದೆರಡು ಸಲ ತುಳಿಯುವುದರಲ್ಲಿ ಮುಗಿದು, ಪೆಡಲು ಕಲ್ಲಿನಂತಾಗುವುದು. ಇಂಥ ಗಾಡಿಗಳ ಹಿಂಭಾಗದಲ್ಲಿ ತೋಟದ ಕೂಲಿಯಾಳುಗಳನ್ನು ನಿಲ್ಲಿಸಿಕೊಂಡು ಹೋಗುವ ಪದ್ಧತಿ ಇನ್ನೂ ಇದೆ. ಅದು ಕಾನೂನಿಗೆ ವಿರುದ್ಧ. ಬ್ರೇಕು ತಪ್ಪಿದ ದಿನ ಆ ಇಪ್ಪತ್ತು ಮಂದಿಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳಿನ ಹೊರತು ಬೇರೆ ಆಧಾರವಿರುವುದಿಲ್ಲ. ಊರಿನಲ್ಲಿ ಉತ್ತರ ಹೇಳಬೇಕಾದವರು ಯಜಮಾನರು.

ಗಾಡಿಯು ಹೊರಬಹುದಾದ ಹೇರೆಷ್ಟೆಂಬುದನ್ನು ನೋಂದಣಿ ಪತ್ರದಿಂದ ತಿಳಿಯಬಹುದು. ಅದರಲ್ಲಿ ಬರೆದಿರುವ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಉಳಿಯುವುದೇ ಹೇರು. ಡ್ರೈವರೂ ಜೊತೆಯವನೂ ಅದರಲ್ಲಿಯೇ ಸೇರಿದರು. 15 ಕಿಲೋ ತೂಕದ ಟೊಮ್ಯಾಟೊ ಪೆಟ್ಟಿಗೆಗಳನ್ನು 67 ಅಧಿಕವಾಗಿ ಹಾಕಿದರೆ ಒಂದು ಟನ್ನು ಮೀರಿದಂತೆ. 1988ರ ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ಮಾಡಲ್ಪಟ್ಟ ತಿದ್ದುಪಡಿಯ ಮೇರೆಗೆ, ಮಿತಿಮೀರಿದ ಹೇರಿಗೆ 20,000 ರೂಪಾಯಿಯೂ, ಅಧಿಕವಾದ ಪ್ರತಿ ಟನ್ನಿಗೆ 2,000 ರೂಪಾಯಿಯೂ ದಂಡ ವಿಧಿಸಲ್ಪಟ್ಟಿದೆ.

ಸವೆತದ ಕಾರಣವನ್ನು ಕಂಡುಹಿಡಿಯಲು ಹಳೆಯ ಪ್ಯಾಡುಗಳಿಗಿಂತ ಉತ್ತಮವಾದ ಸಾಕ್ಷಿಯಿಲ್ಲ. ಅವುಗಳನ್ನು ಕಾರ್ಖಾನೆಯಲ್ಲಿಯೇ ಬಿಟ್ಟುಬರದೆ, ಯಾವುದು ಯಾವ ಚಕ್ರದ್ದು, ಒಳಗಿನದೋ ಹೊರಗಿನದೋ ಎಂದು ಗುರುತುಮಾಡಿಸಿ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡತಕ್ಕದ್ದು. ನಾಲ್ಕೂ ಸಮನಾಗಿ ಬೇಗ ಸವೆದಿದ್ದು ಹಿಂದಿನ ಡ್ರಮ್ಮಿನ ಲೈನರುಗಳು ಹೊಸದರಂತೆಯೇ ಇದ್ದರೆ, ಮೇಲೆ ಹೇಳಿದ ಕವಾಟವನ್ನೂ, ಹಿಂದಿನ ಬ್ರೇಕಿನ ಹೊಂದಾಣಿಕೆಯನ್ನೂ ಸಂಶಯಿಸಬೇಕು. ಒಂದೇ ಚಕ್ರದ ಎರಡು ಪ್ಯಾಡುಗಳಲ್ಲಿ ಒಂದು ಹಾಳೆಯಂತೆ ತೆಳುವಾಗಿ, ಇನ್ನೊಂದು ದಪ್ಪವಾಗಿಯೇ ಉಳಿದಿದ್ದರೆ, ಕ್ಯಾಲಿಪರು ಸರಿದಾಡತಕ್ಕ ಪಿನ್ನುಗಳು ಬಿಗಿದುಕೊಂಡಿವೆಯೆಂದು ತಿಳಿಯುವುದು. ಗದ್ದೆಯ ಕೆಸರಿನಲ್ಲಿ ಓಡಾಡುವ ಗಾಡಿಗಳಲ್ಲಿ ಇದು ತೀರ ಸಾಮಾನ್ಯ. ಪಿನ್ನಿನ ರಬ್ಬರು ಹರಿದು ಒಳಗೆ ನೀರೂ ಮಣ್ಣೂ ಸೇರಿ ತುಕ್ಕು ಹಿಡಿಯುವುದು. ಪಿನ್ನುಗಳನ್ನು ತೊಳೆದು, ಬ್ರೇಕಿಗೆಂದೇ ತಯಾರಿಸಿದ ಗ್ರೀಸನ್ನು ಹಚ್ಚಬೇಕು. ಸಾಧಾರಣ ಗ್ರೀಸು ಶಾಖಕ್ಕೆ ಕರಗಿ ರಬ್ಬರನ್ನು ಉಬ್ಬಿಸುವುದು. ಒಂದು ಪಕ್ಕದ ಚಕ್ರದ ಎರಡೂ ಪ್ಯಾಡುಗಳು ಸವೆದು ಇನ್ನೊಂದು ಪಕ್ಕದವು ಚೆನ್ನಾಗಿದ್ದರೆ, ಆ ಕಡೆಯ ಪಿಸ್ಟನ್ನು ಹಿಂದಕ್ಕೆ ಸರಿಯುತ್ತಿಲ್ಲವೆಂದೋ, ರಬ್ಬರು ಕೊಳವೆ ಒಳಗೆ ಉಬ್ಬಿದೆಯೆಂದೋ ಅರ್ಥ. ಕಾರಣವನ್ನು ಬಿಟ್ಟು ಪ್ಯಾಡನ್ನು ಮಾತ್ರ ಬದಲಾಯಿಸುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಡಿಸ್ಕು ಕೆಡುವುದು ಬಹುಶಃ ಪ್ಯಾಡಿನ ಹಿಂದೆಯೇ. ಪ್ಯಾಡಿನ ದಪ್ಪವು 3 ಮಿಲಿಮೀಟರಿಗೆ ಇಳಿದಾಗಲೇ ಬದಲಾಯಿಸಿದರೆ ಡಿಸ್ಕು ಉಳಿಯುವುದು. ಕೀಚೆಂಬ ಶಬ್ದವನ್ನು ಅಲಕ್ಷ್ಯಮಾಡಿ ಓಡಿಸಿದರೆ ಪ್ಯಾಡಿನ ಹಿಂಬದಿಯ ತಗಡು ಡಿಸ್ಕನ್ನು ಉಳುವುದು. ಡಿಸ್ಕನ್ನು ಲೇತಿನಲ್ಲಿ ಹೆರೆಸುವುದಾದರೆ, ಅದರ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪಕ್ಕಿಂತ ಕೆಳಗೆ ಹೋಗಕೂಡದು. ತೆಳುವಾದ ಡಿಸ್ಕು ಶಾಖವನ್ನು ತಾಳಲಾರದು. ಘಟ್ಟ ಇಳಿದೊಡನೆ ಹಳ್ಳದ ಬಳಿ ನಿಲ್ಲಿಸಿ ಕಾದ ಚಕ್ರಗಳಿಗೆ ನೀರು ಸುರಿಯುವ ಚಾಳಿಯನ್ನು ಬಿಡಿಸಬೇಕು; ಬೀಡುಕಬ್ಬಿಣವು ಥಟ್ಟನೆ ತಣಿದರೆ ಸೀಳುವುದೂ ಸೊಟ್ಟಾಗುವುದೂ ಉಂಟು. ಹೊಸ ಪ್ಯಾಡು ಹಾಕಿಸಿದ ದಿನ ಕೂಡಲೇ ಹೇರು ತುಂಬಿ ಘಟ್ಟಕ್ಕೆ ಕಳುಹಿಸದೆ, ಸಮನಾದ ರಸ್ತೆಯಲ್ಲಿ ಹದವಾಗಿ ಹತ್ತಾರು ಸಲ ವೇಗವನ್ನಿಳಿಸಿ, ನಡುನಡುವೆ ತಣಿಯಗೊಟ್ಟು, ಪ್ಯಾಡು ಡಿಸ್ಕುಗಳು ಒಂದಕ್ಕೊಂದು ಕೂಡುವಂತೆ ಮಾಡಬೇಕು.

ಉಳಿದುದು ಬ್ರೇಕಿನ ಎಣ್ಣೆ. ಇದು ಗಾಳಿಯಲ್ಲಿರುವ ತೇವವನ್ನು ಹೀರುವುದು. ಡಾಟ್ 3 ಎಂಬ ಗುರುತಿನ ಎಣ್ಣೆಯು ಹೊಸದಾಗಿರುವಾಗ 205 ಡಿಗ್ರಿ ಸೆಂಟಿಗ್ರೇಡಿಗಿಂತ ಮೊದಲು ಕುದಿಯಕೂಡದೆಂದು ಗೊತ್ತುಮಾಡಿದ್ದಾರೆ; ನೀರು ಸೇರಿದ ಮೇಲೆ ಆ ಮಟ್ಟವು 140ಕ್ಕೆ ಇಳಿಯುವುದು. ಡಾಟ್ 4 ಗುರುತಿನದಕ್ಕೆ ಇವು 230 ಮತ್ತು 155. ಕಾದ ಕ್ಯಾಲಿಪರಿನಲ್ಲಿ ಎಣ್ಣೆ ಕುದಿದು ಆವಿಯಾದರೆ ಪೆಡಲು ತಳಕ್ಕೆ ಇಳಿಯುವುದು, ಗಾಡಿ ನಿಲ್ಲುವುದಿಲ್ಲ. ಎರಡು ವರುಷಕ್ಕೊಮ್ಮೆ, ಮಳೆ ಹೆಚ್ಚಾದ ಸೀಮೆಯಲ್ಲಿ ಅದಕ್ಕೂ ಮೊದಲು, ಎಣ್ಣೆಯನ್ನು ಪೂರ್ತಿ ಬದಲಾಯಿಸತಕ್ಕದ್ದು. ಯಾವ ಗುರುತಿನದೆಂಬುದು ಎಣ್ಣೆಯ ಬುರುಡೆಯ ಮುಚ್ಚಳದ ಮೇಲೆಯೇ ಬರೆದಿರುವುದು. ಒಮ್ಮೆ ಒಡೆದ ಡಬ್ಬಿಯಲ್ಲಿ ಉಳಿದುದನ್ನು ಮುಂದಿನ ವರುಷಕ್ಕೆಂದು ಅಟ್ಟದ ಮೇಲೆ ಇಡಬಾರದು.