ಎದುರು ಕುಳಿತು ಆಡುವ ಮಾತು

ಮೇ ತಿಂಗಳ ಕೊನೆಯ ವಾರದಲ್ಲಿ ಪತ್ತನಾಜೆ ಬಂತೆಂದರೆ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿಯುತ್ತದೆ, ಬಯಲಿನಲ್ಲಿ ರಂಗಸ್ಥಳ ಕಟ್ಟುವಂತಿಲ್ಲ. ಆದರೆ ಕಥೆ ಕೇಳುವ ಚಪಲ ಮಳೆಗೆ ಹೆದರುವುದುಂಟೆ? ದೇವಸ್ಥಾನದ ಅಂಗಣದಲ್ಲೋ, ಶಾಲೆಯ ಸಭಾಂಗಣದಲ್ಲೋ, ಯಾರದೋ ಮನೆಯ ಚಾವಡಿಯಲ್ಲೋ ಜಮಖಾನೆ ಹಾಸಿ ತಾಳಮದ್ದಳೆ ಕೂಟಕ್ಕೆ ಸಿದ್ಧತೆ ನಡೆಯುತ್ತದೆ. ವೇಷವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ, ಜುಬ್ಬ, ಹೆಗಲಿಗೊಂದು ಶಾಲು. ಭಾಗವತರು, ಮದ್ದಳೆ, ಚೆಂಡೆಯ ಹಿಮ್ಮೇಳ. ಎರಡು ಬದಿಗಳಲ್ಲಿ ಎದುರುಬದುರಾಗಿ ಅರ್ಥಧಾರಿಗಳು. ಒಬ್ಬರು ರಾಮ, ಇನ್ನೊಬ್ಬರು ವಾಲಿ. ಒಬ್ಬರು ಹೈಸ್ಕೂಲಿನ ಮೇಷ್ಟ್ರು, ಇನ್ನೊಬ್ಬರು ಅಡಕೆ ಕೃಷಿಕರು. ಬೆಳಗಾದರೆ ಅದೇ ಸೊಸೈಟಿಯ ಮುಂದೆ, ಅದೇ ಬಸ್ ನಿಲ್ದಾಣದಲ್ಲಿ ಮುಖಾಮುಖಿಯಾಗಲೇಬೇಕಾದವರು.

ಮುಂದಿನ ಮೂರು ನಾಲ್ಕು ಗಂಟೆ ಈ ಇಬ್ಬರೂ ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತಾರೆ, ಕೆಣಕುತ್ತಾರೆ, ಗದರುತ್ತಾರೆ, ನಗೆಯಾಡುತ್ತಾರೆ. (ಹಿಂದೆಲ್ಲ ಇದು ಇಡೀ ರಾತ್ರಿಯ ವ್ಯವಹಾರವಾಗಿತ್ತು.) ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಉತ್ತರ ಕನ್ನಡ ಹಾಗೂ ಮಲೆನಾಡಿನ ಊರುಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಈ ಕೂಟವನ್ನು ಕಲೆಯೆಂದು ಕೊಂಡಾಡಿದವರು ಬಹಳ ಮಂದಿ. ನೆರೆಹೊರೆಯವರು ಭಿನ್ನಾಭಿಪ್ರಾಯವನ್ನು ಬಾಳಿಸಿಕೊಂಡು ಬಂದ ಒಂದು ಉಪಾಯವೆಂದು ಇದನ್ನು ನೋಡಿದವರು ಕಡಿಮೆ.

ನಮ್ಮ ಮನೆಗಳಲ್ಲಿ ಮಕ್ಕಳು ಪದೇ ಪದೇ ಕೇಳುವ ಬೈಗುಳಗಳಲ್ಲೊಂದು “ಎದುರು ಮಾತಾಡಬೇಡ” ಎಂಬುದು. ತಾಳಮದ್ದಳೆಯಲ್ಲಾದರೋ ಎದುರು ಮಾತಾಡದಿದ್ದರೆ ಕೂಟವೇ ಇಲ್ಲ. ಎದುರಾಡಲು ಬಿಡದ ಮನೆಯ ಹುಡುಗನಿಗೆ ಎರಡೇ ದಾರಿ ಗೊತ್ತಿರುತ್ತದೆ: ಬಾಯಿ ಮುಚ್ಚಿಕೊಂಡಿರುವುದು, ಇಲ್ಲವೆ ಬಾಯಿ ಮಾಡುವುದು. ಇವೆರಡರ ನಡುವೆ ಮೂರನೆಯದೊಂದು ದಾರಿ ಇದೆ ಎಂದು ಹೇಳಿಕೊಡುವ ಪಾಠ ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲೂ ಬಹುಪಾಲು ಬಾಯಿಪಾಠದ್ದೇ ಕಾರುಬಾರು.

ಬರೆದಿಟ್ಟ ಮಾತಿಲ್ಲ

ಯಕ್ಷಗಾನ ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳು ಮಾತ್ರ. ಸಂಭಾಷಣೆ ಬರೆದಿರುವುದಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆ ಪಾತ್ರ ವಹಿಸಿದವರು ಅದಕ್ಕೆ ಅರ್ಥ ಹೇಳುತ್ತಾರೆ. ‘ಅರ್ಥ’ ಎಂದರೆ ಬರಿಯ ಭಾವಾರ್ಥವೆಂದು ತಿಳಿಯಬಾರದು. ಪದ್ಯದ ನಾಲ್ಕು ಸಾಲು ಇಪ್ಪತ್ತು ನಿಮಿಷದ ಮಾತಾಗಿ ಬೆಳೆಯಬಹುದು, ಎದುರಿನವರು ನಡುವೆ ಒಂದು ಪ್ರಶ್ನೆ ಎಸೆದರೆ ಇನ್ನೆಲ್ಲಿಗೋ ತಿರುಗಲೂಬಹುದು. ಪೂರ್ವಾಭ್ಯಾಸವೆಂಬುದಿಲ್ಲ. ಎಷ್ಟೋ ಸಲ ಇಬ್ಬರು ಅರ್ಥಧಾರಿಗಳು ಮೊದಲ ಬಾರಿಗೆ ಭೇಟಿಯಾಗುವುದೇ ಜಮಖಾನೆಯ ಮೇಲೆ.

ಹೀಗಾಗಿ ಎದುರಾಳಿ ಏನು ಹೇಳಿದ ಎಂಬುದನ್ನು ಕಿವಿಗೊಟ್ಟು ಕೇಳದೆ ವಿಧಿಯಿಲ್ಲ. ಆತ ಹೇಳದ ಮಾತಿಗೆ ಉತ್ತರ ಕೊಟ್ಟರೆ ಮುಂದಿನ ಸಾಲಿನಲ್ಲಿ ಕುಳಿತ ಅಜ್ಜನೂ ತಲೆಯಾಡಿಸುತ್ತಾನೆ. ಮನೆಯಲ್ಲಿ ಸಿದ್ಧಮಾಡಿ ತಂದ ಮಾತು ಎಷ್ಟೇ ಸೊಗಸಾಗಿದ್ದರೂ ಹತ್ತು ನಿಮಿಷದಲ್ಲಿ ಅದರ ಬಣ್ಣ ಬಯಲಾಗುತ್ತದೆ.

‘ವಾಲಿ ವಧೆ’ಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ನಾಟಿಸಿಕೊಂಡು ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ನಿನಗೂ ನನಗೂ ಏನು ಹಗೆ? ಮರೆಯಲ್ಲಿ ನಿಂತು ಹೊಡೆಯುವುದು ಯಾವ ಊರಿನ ಕ್ಷಾತ್ರ? ನನ್ನ ಮಾಂಸ ನೀನು ತಿನ್ನುವಂತಿಲ್ಲ, ಚರ್ಮ ಹಾಸುವಂತಿಲ್ಲ, ಕೊಂದು ಗಳಿಸಿದ್ದೇನು? ಒಂದು ಮಾತು ಹೇಳಿಕಳಿಸಿದ್ದರೆ ಆ ರಾವಣನನ್ನು ಕತ್ತು ಕಟ್ಟಿ ತಂದೊಪ್ಪಿಸುತ್ತಿರಲಿಲ್ಲವೆ? ರಾಮನ ಬಳಿಯೂ ಉತ್ತರಗಳಿವೆ. ತಮ್ಮನ ಹೆಂಡತಿಯನ್ನು ಸೆಳೆದುಕೊಂಡವನಿಗೆ ದಂಡನೆ ವಿಧಿಸಲೇಬೇಕು. ಭೂಮಿಯ ಧರ್ಮಪಾಲನೆ ಇಕ್ಷ್ವಾಕುಗಳ ಹೊಣೆ. ಅಲ್ಲದೆ ನೀನು ವಾನರ, ಬೇಟೆಯಲ್ಲಿ ಮೃಗಕ್ಕೆ ಮುಂದೆ ನಿಂತು ಹೇಳಿ ಹೊಡೆಯುವ ಕ್ರಮವಿಲ್ಲ.

ವಾಲ್ಮೀಕಿಯ ಕಿಷ್ಕಿಂಧಾ ಕಾಂಡದಲ್ಲಿ ಇಷ್ಟೂ ಇದೆ. ಅರ್ಥಧಾರಿಯ ಕೆಲಸ ಶುರುವಾಗುವುದು ಇಲ್ಲಿಂದ. ವಾಲಿ ಮರುಪ್ರಶ್ನೆ ಹಾಕುತ್ತಾನೆ: ನಾನು ಮೃಗವೆಂದಾದರೆ ತಮ್ಮನ ಹೆಂಡತಿ ಎಂಬ ಮನುಷ್ಯರ ಲೆಕ್ಕ ನನಗೇಕೆ? ಆ ಲೆಕ್ಕ ನನಗೂ ಸಲ್ಲುತ್ತದೆ ಎಂದಾದರೆ ನನ್ನನ್ನು ಬೇಟೆಯಾಡಿದ್ದು ಹೇಗೆ? ಎರಡರಲ್ಲಿ ಒಂದನ್ನು ಹಿಡಿ. ಸಭೆ ಒಮ್ಮೆ ಉಸಿರು ಬಿಗಿಹಿಡಿಯುತ್ತದೆ. ರಾಮನ ಪಾತ್ರಧಾರಿ ಸಮರ್ಥರಾದರೆ ಇದೇ ಹಗ್ಗವನ್ನು ಎದುರಿನವರ ಕೊರಳಿಗೆ ಹಾಕುತ್ತಾರೆ: ಸಂಧ್ಯಾವಂದನೆ ಮಾಡಿದವನು, ಸಿಂಹಾಸನವೇರಿ ನ್ಯಾಯ ಹೇಳಿದವನು, ಶಿಕ್ಷೆಯ ಹೊತ್ತಿಗೆ ಮಾತ್ರ ಕಪಿಯಾಗಲು ಹೊರಟರೆ ಹೇಗೆ? ತರ್ಕಶಾಸ್ತ್ರವನ್ನು ಇಷ್ಟು ರುಚಿಕಟ್ಟಾಗಿ ಹೇಳಿಕೊಡುವ ತರಗತಿ ಬೇರೆಲ್ಲಾದರೂ ಇದ್ದೀತೆ?

ಸೋಲುವವನೂ ಗೆಲ್ಲಬಹುದು

ಕಥೆಯ ಕೊನೆ ಎಲ್ಲರಿಗೂ ಗೊತ್ತು. ವಾಲಿ ಸಾಯಲೇಬೇಕು, ಕೃಷ್ಣನ ಸಂಧಾನ ಮುರಿಯಲೇಬೇಕು. ವಾದದಲ್ಲಿ ಯಾರು ಗೆದ್ದರೂ ಪ್ರಸಂಗದ ನಡೆ ಬದಲಾಗುವುದಿಲ್ಲ. ಈ ಒಂದು ಕಟ್ಟುಪಾಡು ಮಾತಿಗೆ ವಿಚಿತ್ರವಾದ ಬಿಡುಗಡೆ ಕೊಡುತ್ತದೆ. ಗೆಲುವಿನ ಲಾಭವಿಲ್ಲ, ಸೋಲಿನ ನಷ್ಟವಿಲ್ಲ. ಉಳಿಯುವುದು ಮಾತಿನ ತೂಕವೊಂದೇ. ಕೌರವ ಸೋಲುವ ಪಕ್ಷದವನು ಎಂದು ತಿಳಿದೂ, ಅವನ ಪರವಾಗಿ ಹೇಳಬಹುದಾದ ಅತ್ಯುತ್ತಮ ಮಾತನ್ನು ಹುಡುಕಿ ಹೇಳುವುದು ಅರ್ಥಧಾರಿಯ ಕರ್ತವ್ಯ. ಹುಡುಕದಿದ್ದರೆ ಕೃಷ್ಣನ ಪಾತ್ರವೂ ಸೊರಗುತ್ತದೆ. ಎದುರಾಳಿ ದುರ್ಬಲನಾದಷ್ಟೂ ತಮಗೆ ಲಾಭ ಎಂಬ ರಾಜಕೀಯದ ಲೆಕ್ಕ ಇಲ್ಲಿ ನಡೆಯದು.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಇಂದು ವಾಲಿಯಾದವರು ಮುಂದಿನ ವಾರ ಪಕ್ಕದೂರಿನ ಕೂಟದಲ್ಲಿ ರಾಮನಾಗಬೇಕಾಗಬಹುದು. ತಾವೇ ಹಾಕಿದ ಪ್ರಶ್ನೆಗೆ ತಾವೇ ಉತ್ತರ ಹುಡುಕಬೇಕು. ನಾಳೆ ಕುಳಿತುಕೊಳ್ಳಬೇಕಾದ ಜಾಗಕ್ಕೆ ಇಂದೇ ಕೆಸರೆರಚುವ ಜಾಣರು ಯಾರು? ಬಹಳ ಕಾಲ ಅರ್ಥ ಹೇಳಿದವರ ಮಾತಿನಲ್ಲಿ ಒಂದು ಬಗೆಯ ನಿಧಾನ ಕಾಣುವುದಕ್ಕೆ ಇದೂ ಕಾರಣವಿರಬೇಕು.

ಬರೆದಿಡದ ನಿಯಮಗಳು ಇನ್ನೂ ಕೆಲವಿವೆ. ಪಾತ್ರವನ್ನು ಎಷ್ಟು ಬೇಕಾದರೂ ಹಳಿಯಬಹುದು. ಪಾತ್ರ ವಹಿಸಿದವರ ಮನೆತನ, ಮೈಕಟ್ಟು, ಉದ್ಯೋಗ, ಜಾತಿಯ ಗೊಡವೆಗೆ ಹೋಗುವಂತಿಲ್ಲ. ಪ್ರಸಂಗಕ್ಕೆ ಸಂಬಂಧಿಸದ ಪಾಂಡಿತ್ಯದ ಒಗಟು ಹಾಕಿ ಎದುರಿನವರನ್ನು ಮುಗ್ಗರಿಸುವುದು ಹಿರಿಮೆಯಲ್ಲ. ಇವೆಲ್ಲದರ ಮೇಲೆ ಭಾಗವತರೊಬ್ಬರಿದ್ದಾರೆ. ಮಾತು ಹಿಂದೆ ಮುಂದೆ ಎಳೆದಾಡುತ್ತಿದೆ, ಬಿಸಿ ಏರುತ್ತಿದೆ ಎನಿಸಿದಾಗ ಅವರು ಯಾರನ್ನೂ ಗದರುವುದಿಲ್ಲ, ತೀರ್ಪು ಹೇಳುವುದಿಲ್ಲ. ತಾಳ ಹಾಕಿ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಮದ್ದಳೆ ನುಡಿಯಿತೆಂದರೆ ಎಂಥ ವಾಗ್ಮಿಯೂ ಸುಮ್ಮನಾಗಲೇಬೇಕು. ಹೆಸರಾಂತ ಅರ್ಥಧಾರಿ ಕುಂಬಳೆ ಸುಂದರ ರಾವ್ 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೂ ಆಯ್ಕೆಯಾಗಿದ್ದರು. ಅಲ್ಲಿ ಸಭಾಧ್ಯಕ್ಷರ ಕೈಯಲ್ಲಿ ಗಂಟೆ ಇದೆಯೇ ಹೊರತು ಮದ್ದಳೆ ಇಲ್ಲವಲ್ಲ!

ನಗೆಯ ಮಾತಿಗೂ ಇಲ್ಲಿ ಮರ್ಯಾದೆಯ ಸ್ಥಾನವಿದೆ. ‘ಕೃಷ್ಣ ಸಂಧಾನ’ದಲ್ಲಿ ಕೌರವನ ದೂರು ಮೊದಲು ರಾಜ್ಯದ ಪಾಲಿನ ಬಗ್ಗೆ ಅಲ್ಲ, ಊಟದ ಬಗ್ಗೆ. ಅರಮನೆಯಲ್ಲಿ ಅಡುಗೆ ಕಾದಿತ್ತು, ಭೀಷ್ಮ ದ್ರೋಣರ ಮನೆಗಳಿದ್ದವು, ನೀನು ವಿದುರನ ಮನೆಗೆ ಹೋದದ್ದೇಕೆ? ಊರಿನ ಮದುವೆ ಮನೆಗಳಲ್ಲಿ ಇಂದಿಗೂ ಕೇಳಿಬರುವ ಮುನಿಸೇ ಇದು. ಆದ್ದರಿಂದಲೇ ಸಭೆ ಕಿವಿ ನಿಮಿರಿಸುತ್ತದೆ. ಪ್ರೀತಿ ಇದ್ದಲ್ಲಿ ಉಣ್ಣಬೇಕು, ಇಲ್ಲವೆ ಗತಿಯಿಲ್ಲದಾಗ ಉಣ್ಣಬೇಕು. ನಿನ್ನಲ್ಲಿ ಮೊದಲನೆಯದಿಲ್ಲ, ನನಗೆ ಎರಡನೆಯದು ಬಂದಿಲ್ಲ ಎಂಬುದು ಕೃಷ್ಣನ ಉತ್ತರ. ಅನ್ನ, ಸಾರು, ಪಾಯಸದ ಸುತ್ತ ಅರ್ಧ ಗಂಟೆ ಚಟಾಕಿ ಹಾರುತ್ತದೆ. ನಗುತ್ತ ನಗುತ್ತಲೇ ಸಭೆಗೆ ಅರಿವಾಗುತ್ತದೆ, ಇಬ್ಬರೂ ಯುದ್ಧದ ಹೊಸ್ತಿಲಲ್ಲಿ ನಿಂತಿದ್ದಾರೆಂದು. ಹಾಸ್ಯ ಕೊಂಚ ಜಾರಿದರೆ ಕೃಷ್ಣ ಅಗ್ಗವಾಗುತ್ತಾನೆ, ಕೌರವ ಕೋಡಂಗಿಯಾಗುತ್ತಾನೆ. ಸುಳ್ಯ ಕಡೆಯ ದೇರಾಜೆ ಸೀತಾರಾಮಯ್ಯನವರನ್ನು ಕೇಳಿದ್ದ ಹಿರಿಯರು ಇಂದಿಗೂ ನೆನೆಯುವುದು, ಯಾರನ್ನೂ ಗಾಯಗೊಳಿಸದ ಆ ತಿಳಿಹಾಸ್ಯವನ್ನು.

ಗುರುವಿಗೂ ಎದುರುತ್ತರ

ತಂದೆತಾಯಂದಿರು ಮಕ್ಕಳನ್ನು ಒಮ್ಮೆಯಾದರೂ ಕರೆದೊಯ್ಯಬೇಕಾದ ಪ್ರಸಂಗ ‘ಭೀಷ್ಮ ವಿಜಯ’. ಅಂಬೆಯನ್ನು ಸ್ವೀಕರಿಸು ಎಂದು ಗುರು ಪರಶುರಾಮರ ಅಪ್ಪಣೆ. ವ್ರತ ಬಿಡಲಾರೆ ಎಂದು ಶಿಷ್ಯ ಭೀಷ್ಮ. ವಿದ್ಯೆ ಕೊಟ್ಟವರ ಮಾತಿಗೆ ಇಲ್ಲವೆನ್ನುವುದು ಹೇಗೆ? ಇಲ್ಲವೆಂದ ಮೇಲೂ ಶಿಷ್ಯನಾಗಿ ಉಳಿಯುವುದು ಹೇಗೆ? ಈ ಪಾತ್ರ ವಹಿಸಿದವರು ಧ್ವನಿ ಏರಿಸುವಂತಿಲ್ಲ, ಹಾಗೆಂದು ಒಂದಿಂಚೂ ಹಿಂದೆ ಸರಿಯುವಂತಿಲ್ಲ. ಅರ್ಥಗಾರಿಕೆಯಲ್ಲಿ ಇದಕ್ಕಿಂತ ಕಷ್ಟದ ಪರೀಕ್ಷೆ ಅಪರೂಪ.

ಮಹಾಭಾರತದಲ್ಲಿ ಭೀಷ್ಮ ಯುದ್ಧಕ್ಕೆ ಮುನ್ನ ರಥದಿಂದ ಇಳಿದು, ಬಿಲ್ಲನ್ನು ಕೆಳಗಿಟ್ಟು, ಗುರುವಿಗೆ ನಮಸ್ಕರಿಸಿ ಅನುಮತಿ ಕೇಳುತ್ತಾನೆ. ಹೀಗೆ ಬಾರದಿದ್ದರೆ ಶಪಿಸುತ್ತಿದ್ದೆ ಎನ್ನುತ್ತಾರೆ ಪರಶುರಾಮರು. ಆದರೆ ಜಯವಾಗಲಿ ಎಂದು ಮಾತ್ರ ಹರಸಲಾರೆ, ನಿನ್ನನ್ನು ಗೆಲ್ಲಲೆಂದೇ ನಿಂತಿದ್ದೇನೆ ಎಂದೂ ಸೇರಿಸುತ್ತಾರೆ. ಪ್ರೀತಿ ಇದ್ದೂ ಸುಳ್ಳು ಹಾರೈಕೆ ಇಲ್ಲ; ಭಿನ್ನಮತವಿದ್ದೂ ಗೌರವಕ್ಕೆ ಕುಂದಿಲ್ಲ. ಹತ್ತನೆಯ ತರಗತಿ ಮುಗಿಸಿ ವಿಜ್ಞಾನ ಬೇಡ, ಕಲಾವಿಭಾಗ ಬೇಕು ಎಂದು ಹಟ ಹಿಡಿದ ಮಗಳೂ, ಕೂಡದು ಎಂದು ಕುಳಿತ ಅಪ್ಪನೂ ಈ ಒಂದು ಸಂವಾದವನ್ನು ಅಕ್ಕಪಕ್ಕ ಕುಳಿತು ಕೇಳಿದರೆ ಒಳ್ಳೆಯದು. ಪರಶುರಾಮರೂ ಕೊನೆಗೆ ಶಸ್ತ್ರ ಕೆಳಗಿಡುತ್ತಾರೆ ಎಂಬುದನ್ನು ಅಪ್ಪ ಗಮನಿಸಲಿ. ಬಿಲ್ಲೆತ್ತುವ ಮುನ್ನ ಭೀಷ್ಮ ರಥದಿಂದ ಇಳಿದುಬಂದದ್ದನ್ನು ಮಗಳು.

ಚಪ್ಪಾಳೆಯ ಅಪಾಯ

ಎಲ್ಲ ಕೂಟಗಳೂ ಹೀಗೆ ಸುಸೂತ್ರ ಎಂದರೆ ಅದು ಉತ್ಪ್ರೇಕ್ಷೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಮತ್ತು ಮಲ್ಪೆಯ ಸಾಮಗ ಸೋದರರ ಕಾಲದಲ್ಲಿ ಜನ ಪ್ರಸಂಗ ನೋಡಿ ಹೊರಡುತ್ತಿರಲಿಲ್ಲ, ಜೋಡಿ ನೋಡಿ ಹೊರಡುತ್ತಿದ್ದರು. ಶೇಣಿಯವರ ಕತ್ತಿಯಂಥ ತರ್ಕಕ್ಕೆ ಸಾಮಗರ ಮಾತಿನ ಪ್ರವಾಹ ಎದುರಾದಾಗ ಸಭೆಯೇ ಎರಡು ಪಂಗಡವಾಗುತ್ತಿತ್ತು. ಇಬ್ಬರೂ ಹರಿಕಥೆಯಲ್ಲಿ ಪಳಗಿದವರು. ಮಾತಿನ ಮಿತಿ ಬಲ್ಲವರು. ಆದರೆ ಅವರ ಜಿದ್ದನ್ನು ಮಾತ್ರ ಕಲಿತು ಅಧ್ಯಯನವನ್ನು ಬಿಟ್ಟವರು ಮುಂದೆ ಬಂದಾಗ ಕೂಟಗಳು ಕೆಲವೆಡೆ ಕೆಟ್ಟದ್ದೂ ಉಂಟು. ಒಂದು ಚುಚ್ಚುಮಾತಿಗೆ ಚಪ್ಪಾಳೆ ಬಿತ್ತೆಂದರೆ ಎರಡನೆಯದು ಇನ್ನಷ್ಟು ಮೊನಚಾಗುತ್ತದೆ, ಮೂರನೆಯದು ಪಾತ್ರವನ್ನು ದಾಟಿ ವ್ಯಕ್ತಿಗೆ ತಾಗುತ್ತದೆ. ಇದರಲ್ಲಿ ಅರ್ಥಧಾರಿಗಳಷ್ಟೇ ತಪ್ಪಿತಸ್ಥರಲ್ಲ. ಚಪ್ಪಾಳೆ ತಟ್ಟಿದ ಸಭೆಗೂ ಪಾಲಿದೆ.

ಈಗ ಸಭೆಯ ಸ್ವರೂಪವೇ ಬದಲಾಗಿದೆ. 2020ರ ಲಾಕ್‌ಡೌನ್ ಸಮಯದಲ್ಲಿ ಸಭಾಂಗಣಗಳಿಗೆ ಬೀಗ ಬಿದ್ದಾಗ ತಾಳಮದ್ದಳೆ ಯೂಟ್ಯೂಬು, ಫೇಸ್‌ಬುಕ್ಕಿನ ನೇರಪ್ರಸಾರಕ್ಕೆ ಬಂತು. ಊರು ಬಿಟ್ಟು ಬೆಂಗಳೂರು, ಮುಂಬಯಿ, ದುಬೈ ಸೇರಿದವರಿಗೆ ಅದೊಂದು ಭಾಗ್ಯ. ಜೊತೆಗೆ ಇನ್ನೊಂದು ರೂಢಿಯೂ ಬೆಳೆಯಿತು: ಮೂರು ಗಂಟೆಯ ಕೂಟದಿಂದ ಎರಡು ನಿಮಿಷದ ತುಣುಕು ಕತ್ತರಿಸಿ ವಾಟ್ಸಾಪಿನಲ್ಲಿ ಹರಿಬಿಡುವುದು.

ಆ ತುಣುಕು ಬಂದು ಬೀಳುವುದು ಬಡಾವಣೆಯ ಗುಂಪಿಗೆ. ಬೀದಿನಾಯಿಗೆ ಅನ್ನ ಹಾಕಬಹುದೇ, ಪಕ್ಕದ ಮನೆಯ ಮಾವಿನ ಕೊಂಬೆ ಕಾಂಪೌಂಡು ದಾಟಬಹುದೇ, ಉತ್ಸವದ ಮೈಕು ಎಷ್ಟು ಹೊತ್ತಿನವರೆಗೆ ಎಂಬ ಜಗಳಗಳೂ ಅದೇ ಗುಂಪಿನಲ್ಲಿರುತ್ತವೆ. ಅಲ್ಲಿಯೂ ಮೇಷ್ಟ್ರಿದ್ದಾರೆ, ಕೃಷಿಕರಿದ್ದಾರೆ. ಬೆಳಗಾದರೆ ಹಾಲಿನ ಬೂತಿನಲ್ಲಿ ಭೇಟಿಯಾಗಲೇಬೇಕಾದವರು. ಆದರೆ ಎದುರಿನವರ ಮುಖ ಕಾಣದು. ತಮಾಷೆಗೆ ಬರೆದದ್ದು ತಮಾಷೆಯೆಂದು ತಿಳಿಯುವಂತೆ ಹುಬ್ಬು ಹಾರಿಸುವ ಅವಕಾಶವಿಲ್ಲ. ಮೂರನೆಯ ಅಡ್ಡರಸ್ತೆಯವರ ನಗೆಮಾತು ಐದನೆಯ ಅಡ್ಡರಸ್ತೆಗೆ ತಲಪುವಷ್ಟರಲ್ಲಿ ಬೈಗುಳವಾಗಿರುತ್ತದೆ. ಗುಂಪಿಗೊಬ್ಬ ಅಡ್ಮಿನ್ ಇರುತ್ತಾನೆ, ನಿಜ. ಅವನಿಗೆ ಗೊತ್ತಿರುವುದು ಹೊರಹಾಕುವ ವಿದ್ಯೆ. ಮುಂದಿನ ಪದ್ಯ ಎತ್ತುವ ವಿದ್ಯೆ ಅವನಿಗೆ ಯಾರೂ ಕಲಿಸಿಲ್ಲ.

ಅಂಥ ಗುಂಪುಗಳಲ್ಲಿ ಆಗಾಗ ಸುತ್ತುವ ತುಣುಕುಗಳಲ್ಲಿ ವಾಲಿಯ ಪ್ರಶ್ನೆಗಳೂ ಸೇರಿವೆ. ರಾಮಾಯಣವನ್ನು ಹಳಿಯಲು ಒಬ್ಬರು ಅದನ್ನು ಹಾಕುತ್ತಾರೆ, ಹಾಕಿದವರನ್ನು ಹಳಿಯಲು ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ವಾಲಿಯ ಮಾತು ಮುಗಿದು ಚಪ್ಪಾಳೆ ಬಿದ್ದಲ್ಲಿಗೆ ತುಣುಕು ಮುಗಿಯುತ್ತದೆ. ಪೂರ್ತಿ ಧ್ವನಿಮುದ್ರಣದಲ್ಲಿ ಚಪ್ಪಾಳೆಯ ನಂತರ ಭಾಗವತರ ಒಂದು ಪದ್ಯವಿದೆ. ಅದಾದ ಮೇಲೆ ರಾಮ ಮಾತಾಡುತ್ತಾನೆ.