ಚಾಸಿಸ್‌ನಲ್ಲಿ ಸಿಕ್ಕಿಕೊಂಡ ಬೋಲ್ಟ್: ತೆಗೆಯುವ ಸರಿಯಾದ ಕ್ರಮ

ಸರಕು ಸಾಗಣೆಯ ವಾಹನವು ಒಂದು ದಿನ ನಿಂತರೆ ಅಂದಿನ ಬಾಡಿಗೆ ನಷ್ಟವಾಗುವುದಲ್ಲದೆ ಗಿರಾಕಿಗೆ ಕೊಟ್ಟ ಮಾತೂ ತಪ್ಪುತ್ತದೆ. ಎಷ್ಟೋ ವೇಳೆ ಇದಕ್ಕೆ ಕಾರಣ, ಸ್ಪ್ರಿಂಗ್ ಬ್ರಾಕೆಟ್ ಅಥವಾ ಡೀಸೆಲ್ ಟ್ಯಾಂಕಿನ ಹಿಂದೆ ಕೈಗೆ ನಿಲುಕದೆ ತುಕ್ಕು ಹಿಡಿದಿರುವ ಒಂದು ಬೋಲ್ಟ್. ಅವಸರದಿಂದ ಗ್ಯಾಸ್ ಕಟ್ಟರ್ ಹಿಡಿದರೆ ಬೋಲ್ಟ್ ಹೊರಬರಬಹುದು. ಆದರೆ ಚಾಸಿಸ್ ಕೆಡುವ ಸಂಭವವಿದೆ. ಬೋಲ್ಟನ್ನು ಕಳೆದುಕೊಂಡಾದರೂ ಚಾಸಿಸನ್ನು ಉಳಿಸಿಕೊಳ್ಳಬೇಕೆಂಬುದೇ ಈ ಕೆಲಸದ ಮೂಲಸೂತ್ರ.

ಬಿಗಿದುಕೊಳ್ಳಲು ಕಾರಣ

ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಹಿಗ್ಗುತ್ತದೆ. ಥ್ರೆಡ್‌ಗಳ ನಡುವಣ ಕಿರಿದಾದ ಸಂದಿಯಲ್ಲಿ ತುಕ್ಕು ತುಂಬಿ, ಬೆಣೆ ಹೊಡೆದಂತೆ ನಟ್ಟನ್ನೂ ಬೋಲ್ಟನ್ನೂ ಬಂಧಿಸುತ್ತದೆ. ಕರಾವಳಿಯಲ್ಲಿ ಓಡುವ ಹಾಗೂ ಮೀನು, ಉಪ್ಪು ಸಾಗಿಸುವ ಲಾರಿಗಳಲ್ಲಿ ಇದು ಬಹುಬೇಗ ಸಂಭವಿಸುತ್ತದೆ.

ಅನುಸರಿಸಬೇಕಾದ ಕ್ರಮ

1. ಮೊದಲು ದಾರಿ ಮಾಡಿಕೊಳ್ಳಬೇಕು. ಅಡ್ಡಬರುವ ಟ್ಯಾಂಕ್ ಅಥವಾ ಬ್ರಾಕೆಟ್ ಬಿಚ್ಚಲು ಹಿಡಿಯುವ ಒಂದು ಗಂಟೆ, ಮುರಿದ ಬೋಲ್ಟನ್ನು ಕೊರೆಯುವ ಅರ್ಧ ದಿನವನ್ನು ಉಳಿಸುತ್ತದೆ.

2. ಥ್ರೆಡ್‌ಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆ ಹಾಕಿ, ಸಾಧ್ಯವಾದರೆ ರಾತ್ರಿಯಿಡೀ ಬಿಡಬೇಕು.

3. ಆರು ಮೂಲೆಯ ಸಾಕೆಟನ್ನೇ ಬಳಸಬೇಕು. ಹನ್ನೆರಡು ಮೂಲೆಯದು ತಲೆಯ ಅಂಚನ್ನು ಸವೆಸುವ ಸಂಭವ ಹೆಚ್ಚು. ನೇರವಾಗಿ ನಿಲುಕದಿದ್ದಲ್ಲಿ ಎಕ್ಸ್‌ಟೆನ್ಷನ್ ರಾಡ್ ಹಾಗೂ ಯೂನಿವರ್ಸಲ್ ಜಾಯಿಂಟ್ ಜೋಡಿಸಬಹುದು. ಚಾನೆಲ್‌ನ ಒಳಗಿರುವ ನಟ್ಟನ್ನು ಇನ್ನೊಬ್ಬರು ರಿಂಗ್ ಸ್ಪ್ಯಾನರಿನಿಂದ ಹಿಡಿದಿರಬೇಕು.

4. ಹಿಡಿಕೆಯ ಉದ್ದ ಇಮ್ಮಡಿಯಾದರೆ ಅಷ್ಟೇ ಬಲಕ್ಕೆ ತಿರುಚುವ ಶಕ್ತಿಯೂ ಇಮ್ಮಡಿಯಾಗುತ್ತದೆ. ಆದರೆ ಒಮ್ಮೆಲೇ ಎಳೆದರೆ ಬೋಲ್ಟ್ ಮುರಿಯುತ್ತದೆ. ತುಸು ಬಿಗಿಸಿ, ತುಸು ಸಡಿಲಿಸಿ, ಹಿಂದುಮುಂದಾಗಿ ತಿರುಗಿಸುವುದೇ ಲೇಸು.

5. ಇದಕ್ಕೂ ಜಗ್ಗದಿದ್ದರೆ ನಟ್ ಸ್ಪ್ಲಿಟರ್‌ನಿಂದ ನಟ್ಟನ್ನು ಸೀಳಬೇಕು, ಇಲ್ಲವೇ ಗರಗಸದಿಂದ ಕೊಯ್ಯಬೇಕು. ಬೋಲ್ಟ್ ಮುರಿದಿದ್ದರೆ ನಡುಮಧ್ಯಕ್ಕೆ ಪಂಚ್ ಗುರುತು ಹಾಕಿ, ಸಣ್ಣ ಡ್ರಿಲ್‌ನಿಂದ ಆರಂಭಿಸಿ ಹಂತಹಂತವಾಗಿ ಕೊರೆಯಬೇಕು.

ಬೆಂಕಿಯ ವಿಷಯದಲ್ಲಿ ಎಚ್ಚರ

ಹೆಚ್ಚು ಬಲದ ಉಕ್ಕಿನ ಚಾಸಿಸ್ ಅತಿಯಾಗಿ ಕಾದರೆ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್ ಮತ್ತು ವೈರಿಂಗ್ ಬಳಿ ಜ್ವಾಲೆ ಅಪಾಯಕರ. ತುಕ್ಕಿನ ಎಣ್ಣೆಯೂ ಹೊತ್ತಿಕೊಳ್ಳಬಲ್ಲುದು. ಸತುವಿನ ಲೇಪವಿರುವ ಬೋಲ್ಟ್ ಕಾದಾಗ ಹೊರಡುವ ಹೊಗೆ ಜ್ವರ ತರಬಹುದು. ವೆಲ್ಡಿಂಗ್ ಅನಿವಾರ್ಯವಾದರೆ ತಯಾರಕರ ಸೂಚನೆಯನ್ನು ನೋಡಿ, ಬ್ಯಾಟರಿಯ ಸಂಪರ್ಕವನ್ನು ಮೊದಲೇ ತಪ್ಪಿಸಬೇಕು.

ಹೊಸ ಬೋಲ್ಟಿನ ಆಯ್ಕೆ

ತೆಗೆದ ಬೋಲ್ಟಿನ ತಲೆಯ ಮೇಲಿನ ಅಂಕಿಗಳನ್ನು ಬರೆದಿಟ್ಟುಕೊಂಡು ಅದೇ ದರ್ಜೆಯದನ್ನೇ ಕೊಳ್ಳಬೇಕು. 8.8 ಎಂದರೆ ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಎಳೆತವನ್ನು ತಡೆಯಬಲ್ಲುದು, 10.9 ಎಂದರೆ 1000 ನ್ಯೂಟನ್. ಗುರುತಿಲ್ಲದ ಅಗ್ಗದ ಬೋಲ್ಟ್ ಗಾತ್ರದಲ್ಲಿ ಹೊಂದಿದರೂ ಭಾರ ತಡೆಯುವುದೆಂಬ ಭರವಸೆಯಿಲ್ಲ. ಬಿಗಿಸಲು ಟಾರ್ಕ್ ರೆಂಚ್ ಬಳಸಬೇಕು. ಥ್ರೆಡ್‌ಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಿದರೆ ಘರ್ಷಣೆ ಕಡಿಮೆಯಾಗಿ, ಒಣ ಬೋಲ್ಟಿಗೆ ಹೇಳಿದ ಅಳತೆಯಲ್ಲೇ ಅದು ಅತಿಯಾಗಿ ಬಿಗಿಯುತ್ತದೆಂಬುದು ನೆನಪಿರಲಿ.

ವಾಹನವನ್ನು ಗ್ಯಾರೇಜಿಗೆ ಬಿಡುವಾಗಲೇ ಮಾಲೀಕರು ಎರಡು ಮಾತು ಹೇಳುವುದು ಒಳಿತು: ತಮ್ಮನ್ನು ಕೇಳದೆ ಚಾಸಿಸ್‌ಗೆ ಬೆಂಕಿ ತಾಗಿಸಬಾರದು, ರಂಧ್ರವನ್ನು ದೊಡ್ಡದು ಮಾಡಬಾರದು. ಈ ಎರಡು ಮಾತುಗಳಿಗೆ ಖರ್ಚಿಲ್ಲ; ಆಡದಿದ್ದರೆ ತಗಲುವ ಖರ್ಚು ಸಣ್ಣದಲ್ಲ.