ಹಳೆಯ ಗಾಯವಿದ್ದವರಿಗೂ ಅಪಘಾತ ಪರಿಹಾರ ಉಂಟೇ?



ಎಂದೋ ತೆಂಗಿನ ಮರದಿಂದ ಬಿದ್ದು ಮೊಣಕಾಲು ಕೆಡಿಸಿಕೊಂಡವರು, ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಕಳೆದುಕೊಂಡವರು ಪ್ರತಿ ಹಳ್ಳಿಯಲ್ಲಿಯೂ ಇದ್ದಾರೆ. ಇಂಥವರಿಗೆ ಲಾರಿಯೋ ಬಸ್ಸೋ ಬಡಿದು ಅದೇ ಅಂಗಕ್ಕೆ ಪುನಃ ಪೆಟ್ಟಾದರೆ, "ನಿನಗೆ ಮೊದಲೇ ಇತ್ತಲ್ಲ, ಪರಿಹಾರ ಎಲ್ಲಿ ಸಿಕ್ಕೀತು?" ಎನ್ನುವವರೇ ಹೆಚ್ಚು. ಆ ಮಾತು ನಂಬಿ ಅರ್ಜಿಯನ್ನೇ ಹಾಕದವರೂ ಉಂಟು. ಇದು ತಪ್ಪು ತಿಳಿವಳಿಕೆ.

ನಿಮ್ಮ ಎತ್ತು ಸ್ವಲ್ಪ ಕುಂಟುತ್ತದೆ, ಆದರೂ ಉಳುತ್ತದೆ ಎನ್ನಿ. ಯಾರದೋ ಟ್ರಾಕ್ಟರು ಬಡಿದು ಅದರ ಕಾಲು ಮುರಿಯಿತು. "ಕುಂಟೆತ್ತು ತಾನೆ" ಎಂದು ಅವನು ಕೈತೊಳೆದುಕೊಳ್ಳುವಂತಿಲ್ಲ. ನೀವೂ ಹೊಸ ಎತ್ತಿನ ಬೆಲೆ ಕೇಳುವಂತಿಲ್ಲ. ಕುಂಟುತ್ತಲೇ ಉಳುತ್ತಿದ್ದ ಎತ್ತು ಹೋಯಿತು. ಅಷ್ಟರ ಮಟ್ಟಿಗೆ ಅವನು ಹೊಣೆ. ಮನುಷ್ಯರ ವಿಷಯದಲ್ಲಿಯೂ ಕಾನೂನಿನ ನ್ಯಾಯ ಹೆಚ್ಚು ಕಡಿಮೆ ಇದೇ. ಈ ಅಪಘಾತ ಹೊಸದಾಗಿ ಏನನ್ನು ಕೂಡಿಸಿತು ಎಂಬುದೇ ಲೆಕ್ಕ.

ಕೆಲವು ವೇಳೆ ಹಳೆಯ ಊನದಿಂದಲೇ ಹೊಸ ನಷ್ಟ ದೊಡ್ಡದಾಗುವುದೂ ಉಂಟು. ಕಾರ್ಮಿಕರ ಪರಿಹಾರದ 1923ರ ಕಾಯಿದೆಯ ಪಟ್ಟಿಯಲ್ಲಿ, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ದುಡಿಯುವ ಶಕ್ತಿ ಶೇಕಡ 40ರಷ್ಟು ನಷ್ಟವೆಂದು ಬರೆದಿತ್ತು. "ಇನ್ನೊಂದು ಸರಿಯಿದ್ದು" ಎಂಬ ಮಾತನ್ನು ಗಮನಿಸಿ. ಮೊದಲೇ ಒಕ್ಕಣ್ಣನಾಗಿದ್ದವನಿಗೆ ಉಳಿದ ಕಣ್ಣೂ ಹೋದರೆ ಅವನ ಪಾಲಿಗೆ ಕತ್ತಲೆಯೇ. ಅದನ್ನು ಶೇಕಡ 40 ಎನ್ನಲು ಬರುವುದಿಲ್ಲ.

ಇನ್ನು ಮುಖ್ಯ ವಿಷಯ. ಹಳೆಯ ಗಾಯವನ್ನು ಮುಚ್ಚಿಡಬೇಡಿ. ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಕೇಳಿಯೇ ಕೇಳುತ್ತಾರೆ. ನೀವು "ಏನೂ ಇರಲಿಲ್ಲ" ಎನ್ನುವುದು, ಅವರು ನಾಲ್ಕು ವರ್ಷದ ಹಿಂದಿನ ಆಸ್ಪತ್ರೆ ಚೀಟಿ ಹೊರತೆಗೆಯುವುದು, ಇಷ್ಟಾದರೆ ನೀವು ಹೇಳಿದ ನಿಜವೂ ಸುಳ್ಳಿನ ಜೊತೆ ಹೋಗುತ್ತದೆ. "ನೋವಿತ್ತು ಸ್ವಾಮಿ, ಆದರೂ ಉಳುತ್ತಿದ್ದೆ, ಹಾಲು ಕರೆಯುತ್ತಿದ್ದೆ. ಈಗ ಕುಕ್ಕರುಗಾಲಿನಲ್ಲಿ ಕೂರಲೂ ಆಗದು" ಎಂಬ ಉತ್ತರಕ್ಕೆ ಬೆಲೆಯುಂಟು. ಮೊದಲು ದುಡಿಯುತ್ತಿದ್ದುದಕ್ಕೆ ಡೈರಿಯ ಹಾಲಿನ ಪುಸ್ತಕ, ಕಾರ್ಖಾನೆಗೆ ಕಬ್ಬು ಸಾಗಿಸಿದ ಚೀಟಿ, ನೆರೆಯವರ ಸಾಕ್ಷಿ, ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಹಳೆಯ ಎಕ್ಸ್‌ರೇಯನ್ನು ಅಟ್ಟಕ್ಕೆ ಎಸೆಯಬೇಡಿ. ಹೊಸದರ ಪಕ್ಕದಲ್ಲಿ ಹಿಡಿದಾಗ ವ್ಯತ್ಯಾಸ ತೋರಿಸುವುದು ಅದೇ.

ಆಸ್ಪತ್ರೆಗೆ ಹೋದ ದಿನವೇ ಡಾಕ್ಟರಿಗೆ ಎಲ್ಲವನ್ನೂ ಹೇಳಿ. ಮೊದಲು ಏನಿತ್ತು, ಈ ಪೆಟ್ಟಿನಿಂದ ಏನಾಯಿತು ಎಂಬುದನ್ನು ಬೇರೆ ಬೇರೆಯಾಗಿ ಬರೆದುಕೊಡಲು ಕೇಳಿಕೊಳ್ಳಿ. ವಯಸ್ಸಾದವರ ಎಕ್ಸ್‌ರೇಯಲ್ಲಿ ಮೂಳೆ ಸವೆತ ಕಾಣುವುದು ಸಾಮಾನ್ಯ. ಕಂಪನಿಯವರು ಇದನ್ನೇ ಹಿಡಿದು "ಇದು ವಯಸ್ಸಿನದು" ಎಂದು ವಾದಿಸುತ್ತಾರೆ. ಸವೆತವಿದ್ದೂ ನೋವಿಲ್ಲದೆ ಓಡಾಡುತ್ತಿದ್ದವರಿಗೆ ಪೆಟ್ಟು ಬಿದ್ದ ಮೇಲೆ ನೋವು ಹತ್ತುವುದುಂಟು. ಅದನ್ನು ಡಾಕ್ಟರೇ ಹೇಳಬೇಕು.

ಡಾಕ್ಟರು ಕಾಲಿಗೆ ಶೇಕಡ 45 ಊನವೆಂದು ಬರೆದರೆ ಸಂಪಾದನೆಯೂ ಅಷ್ಟೇ ಹೋಯಿತೆಂದು ಅರ್ಥವಲ್ಲ. 2010ರಲ್ಲಿ ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಎಡಗೈ ಹೋದರೆ ಬಡಗಿಯ ಸಂಪಾದನೆ ಪೂರ್ತಿ ಹೋದಂತೆಯೇ ಆಗಬಹುದು; ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಕೇಳಿದವರಿಗೆಲ್ಲ ಸರ್ಟಿಫಿಕೇಟು ಬರೆದುಕೊಡುವ ಡಾಕ್ಟರುಗಳ ಬಗ್ಗೆಯೂ ಆ ತೀರ್ಪಿನಲ್ಲಿ ಎಚ್ಚರಿಕೆಯಿದೆ. ಚಿಕಿತ್ಸೆ ಕೊಟ್ಟವರ ಸಾಕ್ಷಿಯೇ ಮೇಲು. ಹೆಚ್ಚು ಶೇಕಡ ಬರೆಸಿಕೊಡುತ್ತೇವೆಂದು ಆಸ್ಪತ್ರೆ ಬಾಗಿಲಲ್ಲಿ ನಿಲ್ಲುವ ದಲ್ಲಾಳಿಗಳನ್ನು ದೂರವಿಡಿ. ಬಿತ್ತನೆ ಬೀಜದ ವಿಷಯದಲ್ಲಿ ಇಂಥವರನ್ನು ನಾವು ಕಂಡೇ ಇದ್ದೇವೆ.

ಅರ್ಜಿ ಹಾಕತಕ್ಕದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅಪಘಾತ ದೂರದ ಊರಿನಲ್ಲಿ ಆಗಿದ್ದರೂ ನೀವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೇ ಹಾಕಬಹುದು. 2019ರ ತಿದ್ದುಪಡಿಯಲ್ಲಿ ಆರು ತಿಂಗಳ ಗಡುವನ್ನು ಹೇಳಿದೆ. ಸುಗ್ಗಿ ಮುಗಿಯಲಿ ಎಂದು ಕಾಯಬೇಡಿ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ವರಮಾನದವರು ವಕೀಲರ ಫೀಜಿಗೆ ಹೆದರಬೇಕಾಗಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೋಗುವಾಗ ಪೊಲೀಸರ ಎಫ್.ಐ.ಆರ್. ಪ್ರತಿ ಮತ್ತು ಆಸ್ಪತ್ರೆಯ ಚೀಟಿಗಳನ್ನು, ಹಳೆಯವೂ ಸೇರಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.